ನೆತ್ತಿಗೆ ಹತ್ತಿದ ಪುಟಾಣಿ

ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ. ಭಾಲ್ಕಿ ತಾಲ್ಲೂಕಿನ ಒಂದು ಹೊಲದಲ್ಲಿ ಬೇವಿನ ಮರದ ನೆರಳಿಗೆ ಜಮಖಾನೆ ಹಾಸಿತ್ತು. ಚರಗ ಚೆಲ್ಲಿ ಬಂದ ಹಿರಿಯರು ಕೈಕಾಲು ತೊಳೆದು ಊಟಕ್ಕೆ ಕೂತಿದ್ದರು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ, ಗಡಿಗೆ ತುಂಬ ಅಂಬಲಿ. ಹೊಲಕ್ಕೆ ಬಂದ ಮಕ್ಕಳು ಒಂದು ಕಡೆ ಕೂರುತ್ತಾರೆಯೇ? ಆರು ವರ್ಷದ ಹುಡುಗಿಯೊಬ್ಬಳು ಒಂದು ಹಿಡಿ ಪುಟಾಣಿ ಬಾಯಿಗೆ ತುಂಬಿಕೊಂಡು ಅಣ್ಣನನ್ನು ಅಟ್ಟಿಸಿಕೊಂಡು ಹೋದಳು. ಅಣ್ಣ ಜೋಳದ ಸಾಲಿನಲ್ಲಿ ಎಡವಿ ಬಿದ್ದ. ಇವಳಿಗೆ ನಗು ತಡೆಯಲಿಲ್ಲ. ನಕ್ಕಳೋ ಇಲ್ಲವೋ, ಕೆಮ್ಮು ಶುರುವಾಯಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಆಯಿ ಎದ್ದು ಬಂದು ತಲೆಯ ಮೇಲೆ ಮೆಲ್ಲಗೆ ತಟ್ಟಿದಳು: "ನೆತ್ತಿಗೆ ಹತ್ತಿತೇನು ನನ್ನವ್ವಾ? ಯಾರೋ ನೆನಸಲತ್ತಾರ ನೋಡು."

ಕೆಮ್ಮಿ ಕೆಮ್ಮಿ ಒಂದು ಪುಟಾಣಿ ಹೊರಗೆ ಹಾರಿ ಬಿತ್ತು. ಹುಡುಗಿ ಮೂಗು ಒರೆಸಿಕೊಂಡು ಕೇಳಿದಳು, "ಆಯಿ, ನೆತ್ತಿಗೆ ಹೋಗಲಿಕ್ಕೆ ದಾರಿ ಎಲ್ಲದ?"

ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದ ನನಗೆ ಆ ಪ್ರಶ್ನೆ ಬಹಳ ಹಿಡಿಸಿತು. ಅವಳಿಗೆ ಅಲ್ಲೇ ನಾಲ್ಕು ಮಾತು ಹೇಳಿದೆ. ಹೇಳಬೇಕಾದದ್ದು ಇನ್ನೂ ಬಹಳವಿತ್ತು. ಅದನ್ನು ನಿಮಗೂ ಹೇಳುತ್ತೇನೆ.

ನೆತ್ತಿಗೆ ಹೋಗುವ ದಾರಿ ಇಲ್ಲವೇ ಇಲ್ಲ. ಗಂಟಲಿನಲ್ಲಿರುವುದು ಎರಡೇ ದಾರಿ. ಒಂದು ಅನ್ನದ್ದು, ಒಂದು ಗಾಳಿಯದ್ದು. ಬಾಯಿಂದ ಬರುವ ಅನ್ನ, ಮೂಗಿನಿಂದ ಬರುವ ಗಾಳಿ ಎರಡೂ ಗಂಟಲಿನ ಒಂದೇ ಚೌಕಿನಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಗಾಳಿಯ ಕೊಳವೆ ಮುಂಭಾಗದಲ್ಲಿ ಇಳಿಯುತ್ತದೆ, ಅನ್ನದ ಕೊಳವೆ ಅದರ ಬೆನ್ನಿಗೆ ಅಂಟಿಕೊಂಡು ಇಳಿಯುತ್ತದೆ. ಅಂದರೆ ನೀವು ನುಂಗಿದ ಪ್ರತಿಯೊಂದು ತುತ್ತೂ ಗಾಳಿಯ ಬಾಗಿಲ ಮೇಲಿಂದಲೇ ದಾಟಿ ಹೋಗಬೇಕು! ಹಾಗೆ ದಾಟುವಾಗ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ನಾಲಗೆಯ ಬುಡದಲ್ಲಿ ಎಲೆಯಂಥ ಒಂದು ಮುಚ್ಚಳವಿದೆ. ವೈದ್ಯರು ಅದನ್ನು ಎಪಿಗ್ಲಾಟಿಸ್ ಎನ್ನುತ್ತಾರೆ. ನುಂಗುವಾಗ ಗಾಳಿಯ ಕೊಳವೆ ಮೇಲಕ್ಕೆ ಏರುತ್ತದೆ, ಎಲೆ ಅದರ ಮೇಲೆ ಬಾಗುತ್ತದೆ, ಒಳಗಿನ ಧ್ವನಿತಂತುಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಷ್ಟು ಹೊತ್ತು ಉಸಿರು ನಿಂತಿರುತ್ತದೆ. ಒಂದು ಸೆಕೆಂಡಿನಷ್ಟೇ ಆದ್ದರಿಂದ ನಮಗೆ ಗೊತ್ತೇ ಆಗುವುದಿಲ್ಲ.

ಈಗ ಒಂದು ಕೆಲಸ ಮಾಡಿ. ಎರಡು ಬೆರಳನ್ನು ಗಂಟಲಿನ ಮುಂಭಾಗದ ಗಟ್ಟಿ ಉಬ್ಬಿನ ಮೇಲೆ ಹಗುರಾಗಿ ಇಡಿ. ಉಗುಳು ನುಂಗಿ. ಉಬ್ಬು ಮೇಲಕ್ಕೆ ಹಾರಿ ಮತ್ತೆ ಕೆಳಗೆ ಬಂತಲ್ಲವೇ? ಬಾಗಿಲು ಮುಚ್ಚಿ ತೆರೆದದ್ದು ಅದೇ. ಆ ಉಬ್ಬೇ ಧ್ವನಿಪೆಟ್ಟಿಗೆ. ಬೆರಳನ್ನು ಇನ್ನೂ ಸ್ವಲ್ಪ ಕೆಳಗೆ ಸರಿಸಿ. ಬಳೆ ಜೋಡಿಸಿಟ್ಟ ಹಾಗೆ ಉಂಗುರ ಉಂಗುರವಾಗಿ ಕೈಗೆ ಹತ್ತುತ್ತದೆ. ಅದು ಶ್ವಾಸನಾಳ. ದೊಡ್ಡವರಲ್ಲಿ ಅದರ ಉದ್ದ 10ರಿಂದ 12 ಸೆಂ.ಮೀ., ಅದರಲ್ಲಿ 16ರಿಂದ 20 ಮೃದ್ವಸ್ಥಿಯ ಉಂಗುರಗಳು. ಕೊಳವೆ ಕುಸಿದು ಮುಚ್ಚಿಹೋಗದಂತೆ ಅವು ಹಿಡಿದುಕೊಂಡಿವೆ. ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಈ ಉಂಗುರಗಳು ಪೂರ್ತಿ ದುಂಡಗಿಲ್ಲ, ಬೆನ್ನಿನ ಕಡೆ ಬಾಯಿ ತೆರೆದಿವೆ, ಕುದುರೆ ಲಾಳದ ಹಾಗೆ. ಯಾಕೆ ಗೊತ್ತೇ? ಬೆನ್ನ ಹಿಂದೆ ಅನ್ನನಾಳವಿದೆಯಲ್ಲ, ದೊಡ್ಡ ತುತ್ತು ಇಳಿಯುವಾಗ ಅದು ಉಬ್ಬಬೇಕು. ಉಬ್ಬಲು ಜಾಗ ಸಿಗಲೆಂದು ಈ ಏರ್ಪಾಡು.

ನಗುವಾಗ, ಓಡುವಾಗ, ಮಾತಾಡುವಾಗ ನಾವು ಗಕ್ಕನೆ ಉಸಿರು ಎಳೆದುಕೊಳ್ಳುತ್ತೇವೆ. ಆಗ ಗಾಳಿಯ ಬಾಗಿಲು ಪೂರ್ತಿ ತೆರೆದಿರುತ್ತದೆ. ಬಾಯಲ್ಲಿದ್ದ ಪುಟಾಣಿ ಗಾಳಿಯ ಜೊತೆಗೇ ಒಳಗೆ ನುಗ್ಗುತ್ತದೆ. ಅದೇ "ನೆತ್ತಿಗೆ ಹತ್ತುವುದು". ಯಾರಾದರೂ ನೆನೆಸಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. "ಉಣ್ಣುವಾಗ ಮಾತು ಬ್ಯಾಡ" ಎಂದು ಆಯಿ ಗದರುತ್ತಾಳಲ್ಲ, ಆ ಮಾತು ಮಾತ್ರ ಅಪ್ಪಟ ವಿಜ್ಞಾನ.

ಗಾಳಿಯ ದಾರಿ ಕಟ್ಟಿಕೊಂಡರೆ ಏನಾಗುತ್ತದೆ? ಅದಕ್ಕೆ ಮೊದಲು ಒಂದು ನೀರಿನ ದಾರಿ ನೋಡೋಣ. ಬೀದರ್ ನಗರದವರು ಅಥವಾ ಬೀದರ್‌ಗೆ ಶಾಲೆಯ ಪ್ರವಾಸ ಹೋದವರು ನೌಬಾದಿನ ಸುರಂಗ ಬಾವಿಯನ್ನು ನೋಡಿರಬಹುದು. ಕಾರೇಜ್ ಎಂದೂ ಅದಕ್ಕೆ ಹೆಸರು. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಶಿಯಾದ ವಿದ್ಯೆ ತಂದು ಕೆಂಪು ಜಂಬಿಟ್ಟಿಗೆ ಕಲ್ಲಿನ ಒಡಲಲ್ಲಿ ಕೊರೆದ ನೀರಿನ ದಾರಿ ಅದು. ನೆಲದ ಕೆಳಗೆ ಎರಡು ಕಿಲೋಮೀಟರಿಗೂ ಉದ್ದ. ಮೇಲಿಂದ ನೋಡಿದರೆ ಸಾಲಾಗಿ ಬಾವಿಯಂಥ ಕಿಂಡಿಗಳು ಕಾಣುತ್ತವೆ. ಕೊರೆಯುವವರು, ಹೂಳು ತೆಗೆಯುವವರು ಕತ್ತಲಲ್ಲಿ ಉಸಿರುಗಟ್ಟಬಾರದಲ್ಲ? ಅವರಿಗೆ ಗಾಳಿ ಬೆಳಕು ಸಿಗಲಿ ಎಂದೇ ಆ ಕಿಂಡಿಗಳು. ಎಷ್ಟೋ ವರ್ಷ ಕಿಂಡಿಗಳಲ್ಲಿ ಮಣ್ಣು, ಕಸ ತುಂಬಿ ದಾರಿ ಕಟ್ಟಿಕೊಂಡಿತ್ತು. ಹೂಳು ತೆಗೆದ ಮೇಲೆ ಮತ್ತೆ ನೀರು ಕಂಡಿತು. ಅಷ್ಟೂ ದಿನ ನೀರು ಎಲ್ಲಿಗೂ ಹೋಗಿರಲಿಲ್ಲ, ಅದರ ದಾರಿ ಕಟ್ಟಿತ್ತು, ಅಷ್ಟೆ. ಅಪಘಾತವಾದವರನ್ನು, ಎಚ್ಚರ ತಪ್ಪಿದವರನ್ನು ದವಾಖಾನೆಗೆ ತಂದಾಗ ವೈದ್ಯರು ಮೊದಲು ನೋಡುವುದೂ ಇದನ್ನೇ: ಗಾಳಿಯ ದಾರಿ ತೆರೆದಿದೆಯೋ, ಕಟ್ಟಿದೆಯೋ? ಕಾಲು ಮುರಿದಿರಲಿ, ತಲೆಯಿಂದ ರಕ್ತ ಸುರಿಯುತ್ತಿರಲಿ, ಒಬ್ಬರ ಕಣ್ಣಾದರೂ ಎದೆ ಏರಿ ಇಳಿಯುವುದರ ಮೇಲೆ ಇದ್ದೇ ಇರುತ್ತದೆ. ಕಾರಣ ಸಮಯ. ಉಸಿರಿಲ್ಲದೆ ನಾಲ್ಕರಿಂದ ಆರು ನಿಮಿಷ ಕಳೆದರೆ ಮಿದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಮುರಿದ ಕಾಲಿಗೆ ಅಷ್ಟು ಅವಸರವಿಲ್ಲ.

ಮಕ್ಕಳ ದಾರಿ ಇನ್ನೂ ಕಿರಿದು. ಆಗ ಹುಟ್ಟಿದ ಕೂಸಿನ ಶ್ವಾಸನಾಳದ ಅಗಲ ನಾಲ್ಕೈದು ಮಿಲಿಮೀಟರ್, ಒಂದು ದೊಡ್ಡ ಕಡಲೆಕಾಳಿಗಿಂತ ಕಡಿಮೆ. ದೊಡ್ಡವರದು ಹೆಚ್ಚು ಕಡಿಮೆ ಎರಡು ಸೆಂಟಿಮೀಟರ್. ಕೊಳವೆಯ ಅಗಲ ಅರ್ಧವಾದರೆ ಅದರಲ್ಲಿ ಗಾಳಿ ಎಳೆಯುವುದು ಎರಡು ಪಟ್ಟು ಕಷ್ಟವಾಗುತ್ತದೆ ಎಂದುಕೊಂಡಿರಾ? ಎರಡಲ್ಲ, 16 ಪಟ್ಟು! ನಾಲ್ಕು ಮಿಲಿಮೀಟರ್ ಕೊಳವೆಯ ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡರೆ ಸಾಕು, ಉಳಿಯುವುದು ಎರಡೇ ಮಿಲಿಮೀಟರ್. ನೆಗಡಿಯಾದ ಕೂಸು ಅಷ್ಟೊಂದು ಒದ್ದಾಡುವುದು ಅದಕ್ಕೇ. ನಂಬಿಕೆಯಾಗದಿದ್ದರೆ ಮೂಗು ಹಿಡಿದುಕೊಂಡು, ಎಳನೀರಿನ ಸ್ಟ್ರಾದಿಂದ ನಾಲ್ಕು ಉಸಿರು ಎಳೆದು ನೋಡಿ. ಆಮೇಲೆ ಜ್ಯೂಸ್ ಡಬ್ಬಿಯ ಸಣ್ಣ ಸ್ಟ್ರಾದಿಂದ ಎಳೆಯಿರಿ. ಎರಡನೇ ಉಸಿರಿಗೇ ಸಾಕೆನಿಸುತ್ತದೆ. ಸಾಕೆನಿಸಿದ ತಕ್ಷಣ ಬಿಟ್ಟುಬಿಡಿ.

ನಮ್ಮ ಕಡೆ ಮಕ್ಕಳ ಗಾಳಿದಾರಿಯಲ್ಲಿ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಶೇಂಗಾ ಬೀಜ ಮುಂದೆ. ಪುಟಾಣಿ, ಸೀತಾಫಲದ ಬೀಜ, ಹುಣಸೆ ಬೀಜ, ಪೆನ್ನಿನ ಮುಚ್ಚಳವೂ ಸಿಗುತ್ತವೆ. ಶೇಂಗಾ ಒಳಗೆ ಹೋದರೆ ಸುಮ್ಮನೆ ಕೂರುವುದಿಲ್ಲ. ಒಳಗಿನ ತೇವಕ್ಕೆ ಉಬ್ಬುತ್ತದೆ, ಅದರ ಎಣ್ಣೆಗೆ ಸುತ್ತಲಿನ ಗೋಡೆಯೂ ಊದಿಕೊಳ್ಳುತ್ತದೆ. ಶ್ವಾಸನಾಳ ಎದೆಯೊಳಗೆ ಎರಡಾಗಿ ಒಡೆಯುತ್ತದೆ. ಬಲಗಡೆಯ ಕವಲು ಅಗಲ, ನೆಟ್ಟಗೆ ಕೆಳಗಿಳಿದಿದೆ. ಎಡಗಡೆಯದು ಹೃದಯಕ್ಕೆ ಜಾಗ ಬಿಟ್ಟು ಓರೆಯಾಗಿ ಹೋಗಿದೆ. ಹಾಗಾಗಿ ಬಿದ್ದ ವಸ್ತು ಹೆಚ್ಚಾಗಿ ಬಲಕ್ಕೇ ಹೋಗುತ್ತದೆ. 1897ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಗುಸ್ತಾವ್ ಕಿಲಿಯನ್ ಎಂಬ ವೈದ್ಯರು ಒಬ್ಬ ರೈತನ ಬಲಗವಲಿನಲ್ಲಿ ಸಿಕ್ಕಿದ್ದ ಎಲುಬಿನ ಚೂರನ್ನು ಬಾಯಿಯ ಮೂಲಕ ಕೊಳವೆ ಇಳಿಸಿ, ಎದೆ ಕೊಯ್ಯದೆ ಹೊರತೆಗೆದರು. ಈಗ ಮಕ್ಕಳ ಶೇಂಗಾ ತೆಗೆಯುವುದೂ ಅದೇ ವಿಧಾನದಲ್ಲಿ. ಅದಕ್ಕೆ ಬ್ರಾಂಕೋಸ್ಕೋಪಿ ಎನ್ನುತ್ತಾರೆ. ಕೆಮ್ಮು ನಿಂತ ಮೇಲೂ ಉಸಿರಿಗೆ ಸೀಟಿಯಂಥ ಸದ್ದು ಉಳಿದಿದ್ದರೆ ಮನೆಯಲ್ಲಿ ಮುಚ್ಚಿಡಬೇಡಿ. ಬೈಗುಳ ತಿಂದರೂ ಚಿಂತೆಯಿಲ್ಲ, "ಶೇಂಗಾ ತಿನ್ನುವಾಗ ಕೆಮ್ಮು ಬಂತು" ಎಂದು ಹೇಳಿಬಿಡಿ. ವೈದ್ಯರಿಗೆ ಆ ಒಂದು ಮಾತು ಎಕ್ಸ್‌ರೇಗಿಂತ ದೊಡ್ಡ ಸುಳಿವು. ಶೇಂಗಾ ಎಕ್ಸ್‌ರೇಯಲ್ಲಿ ನೆಟ್ಟಗೆ ಕಾಣುವುದೂ ಇಲ್ಲ.

ಆ ಹೊಲದ ಹುಡುಗಿ ಜೋರಾಗಿ ಕೆಮ್ಮುತ್ತಿದ್ದಳು ಎಂದೆನಲ್ಲ, ಅದು ಒಳ್ಳೆಯ ಲಕ್ಷಣ. ಕೆಮ್ಮು ಅಂದರೆ ದೇಹದ ಸ್ವಂತ ಕವಣೆ. ಕೆಮ್ಮುವವರನ್ನು ಕೆಮ್ಮಲು ಬಿಡಬೇಕು. "ಕೆಮ್ಮು, ಇನ್ನೂ ಜೋರಾಗಿ ಕೆಮ್ಮು" ಎಂದು ಹುರಿದುಂಬಿಸಬೇಕು. ಬಾಯಿಗೆ ನೀರು ಸುರಿಯಬಾರದು, ಕಾಣದ ವಸ್ತುವಿಗಾಗಿ ಗಂಟಲಲ್ಲಿ ಬೆರಳು ಆಡಿಸಬಾರದು. ಅದು ಇನ್ನೂ ಒಳಗೆ ಹೋಗುತ್ತದೆ. ಭಯವಿರುವುದು ಕೆಮ್ಮಿಗೆ ಸದ್ದೇ ಇಲ್ಲದಾಗ. ಮಾತು ಹೊರಡದು, ಎರಡೂ ಕೈ ಗಂಟಲಿಗೆ ಹೋಗುತ್ತವೆ, ತುಟಿ ನೀಲಿಯಾಗುತ್ತದೆ. ಆಗ ನೀವು ಮಾಡಬೇಕಾದ ಮೊದಲ ಕೆಲಸ ಕೂಗಿ ದೊಡ್ಡವರನ್ನು ಕರೆಯುವುದು, ಯಾರಾದರೊಬ್ಬರು 108ಕ್ಕೆ ಇಲ್ಲವೇ 112ಕ್ಕೆ ಫೋನ್ ಹಚ್ಚುವುದು. ದೊಡ್ಡವರು ಆ ಮಗುವನ್ನು ಮುಂದಕ್ಕೆ ಬಗ್ಗಿಸಿ, ಅಂಗೈಯ ಬುಡದಿಂದ ಎರಡು ಹೆಗಲೆಲುಬಿನ ನಡುವೆ ಐದು ಸಲ ಬಲವಾಗಿ ಗುದ್ದಬೇಕು. ಬರಲಿಲ್ಲವೆಂದರೆ ಹಿಂದೆ ನಿಂತು ಹೊಟ್ಟೆಯ ಸುತ್ತ ಕೈ ಬಳಸಿ, ಹೊಕ್ಕುಳಕ್ಕಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು. ನಡುವೆ ಮಗು ಎಚ್ಚರ ತಪ್ಪಿದರೆ ನೆಲದ ಮೇಲೆ ಮಲಗಿಸಿ, ಫೋನಿನಲ್ಲಿರುವ 108ರವರು ಹೇಳಿದಂತೆ ಎದೆ ಒತ್ತಲು ಶುರುಮಾಡಬೇಕು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತುವುದು ಕೂಡದು. ಅದನ್ನು ಮುಂಗೈ ಮೇಲೆ ತಲೆ ಕೆಳಗಾಗಿ ಮಲಗಿಸಿ ಬೆನ್ನಿಗೆ ಐದು ಸಲ, ಮತ್ತೆ ಅಂಗಾತ ತಿರುಗಿಸಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ. ಇದನ್ನು ಆಟಕ್ಕೆ ಗೆಳೆಯರ ಮೇಲೆ ಮಾಡಬೇಡಿ. ಹೊಟ್ಟೆಯೊಳಗೆ ಪೆಟ್ಟಾಗುತ್ತದೆ.

ಹೊರಗಿನಿಂದ ಬಂದ ವಸ್ತುವೇ ದಾರಿ ಕಟ್ಟಬೇಕೆಂದೇನೂ ಇಲ್ಲ. ನಮ್ಮದೇ ನಾಲಗೆ ಕಟ್ಟುತ್ತದೆ. ನಾಲಗೆ ಎಂದರೆ ಬಾಯಿಯಿಂದ ಹೊರಗೆ ಚಾಚುವ ತುದಿಯಷ್ಟೇ ಅಂದುಕೊಂಡಿದ್ದೇವೆ. ಅದರ ಬುಡ ಗಂಟಲಿನವರೆಗೂ ಇದೆ, ದಪ್ಪನೆಯ ಮಾಂಸದ ಮುದ್ದೆ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ಮುಂದಕ್ಕೆ ಎಳೆದು ಹಿಡಿದಿರುತ್ತವೆ. ಬೈಕಿನಿಂದ ಬಿದ್ದು ಪ್ರಜ್ಞೆ ತಪ್ಪಿದವರು ಅಂಗಾತ ಮಲಗಿದಾಗ ಆ ಹಿಡಿತ ಸಡಿಲವಾಗಿ ನಾಲಗೆ ಹಿಂದಕ್ಕೆ ಜಾರುತ್ತದೆ, ಗಾಳಿಯ ಬಾಗಿಲಿಗೆ ಅಡ್ಡ ಬೀಳುತ್ತದೆ. ಗೊರಕೆಯಂಥ ಸದ್ದು ಬರುತ್ತದೆ. ಸುತ್ತ ನಿಂತವರು "ನಿದ್ದೆ ಹತ್ತಿದೆ" ಎಂದುಕೊಳ್ಳುತ್ತಾರೆ. ಅದು ನಿದ್ದೆಯಲ್ಲ, ದಾರಿ ಮುಚ್ಚುತ್ತಿರುವ ಸದ್ದು.

ಬಿಡಿಸುವುದು ಹೇಗೆ? ಒಂದು ಕೈ ಹಣೆಯ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಗದ್ದದ ಎಲುಬಿನ ಕೆಳಗೆ. ಹಣೆಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಗದ್ದವನ್ನು ಮೇಲಕ್ಕೆ ಎತ್ತಬೇಕು. ನಾಲಗೆಯ ಬುಡ ಕೆಳದವಡೆಗೆ ಕಟ್ಟಿಕೊಂಡಿದೆ. ದವಡೆ ಎತ್ತಿದರೆ ನಾಲಗೆಯೂ ಅದರೊಡನೆ ಮೇಲೆದ್ದು ದಾರಿ ಬಿಡುತ್ತದೆ. ಔಷಧ ಬೇಡ, ಯಂತ್ರ ಬೇಡ, ಎರಡು ಕೈ ಸಾಕು. ಕುತ್ತಿಗೆಗೆ ಪೆಟ್ಟಾಗಿರಬಹುದು ಎಂಬ ಅನುಮಾನವಿದ್ದರೆ ತಿಳಿದವರು ತಲೆ ಬಾಗಿಸದೆ ದವಡೆಯ ಎರಡೂ ಮೂಲೆಯನ್ನಷ್ಟೇ ಮುಂದಕ್ಕೆ ದೂಡುತ್ತಾರೆ. ಪೆಟ್ಟಿಲ್ಲದೆ ಸುಮ್ಮನೆ ಎಚ್ಚರ ತಪ್ಪಿ, ಉಸಿರು ಸರಿಯಾಗಿ ಆಡುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ ಮಲಗಿಸುತ್ತಾರೆ. ನಾಲಗೆ, ಉಗುಳು, ವಾಂತಿ ಎಲ್ಲವೂ ಕೆನ್ನೆಯ ಕಡೆ ಜಾರಲಿ ಎಂದು.

ಇದನ್ನು ಕಲಿಸಲು ಗೊಂಬೆಗಳಿವೆ. ನಾರ್ವೆಯಲ್ಲಿ ಮಕ್ಕಳ ಆಟಿಕೆ ಮಾಡುತ್ತಿದ್ದ ಆಸ್ಮುಂಡ್ ಲಾರ್ಡಾಲ್ ಎಂಬವರು 1960ರಲ್ಲಿ ಉಸಿರು ಕೊಡುವುದನ್ನು ಕಲಿಯಲೆಂದೇ ಆಳೆತ್ತರದ ಗೊಂಬೆ ಮಾಡಿದರು. ಅದರ ಬಾಯಿಗೆ ಗಾಳಿ ಊದಿದರೆ ಎದೆ ಉಬ್ಬಬೇಕು. ತಲೆ ನೆಟ್ಟಗಿದ್ದಾಗ ಎಷ್ಟು ಊದಿದರೂ ಎದೆ ಅಲುಗುವುದಿಲ್ಲ, ಊದಿದವರ ಕೆನ್ನೆ ನೋಯುತ್ತದೆ. ಗದ್ದ ಎತ್ತಿ ಊದಿದರೆ ಎದೆ ಸುಯ್ಯೆಂದು ಮೇಲೇಳುತ್ತದೆ. ಮೊದಲ ಸಲ ಅದು ಮೇಲೆದ್ದಾಗ ದೊಡ್ಡ ದೊಡ್ಡ ವಿದ್ಯಾರ್ಥಿಗಳ ಮುಖವೂ ಅರಳುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಈ ಕಥೆಯಲ್ಲಿ ನಮ್ಮ ಸೀಮೆಯ ಹಳೆಯ ರಾಜಧಾನಿ ಹೈದರಾಬಾದಿಗೂ ಪಾಲಿದೆ. ಬೀದರ್, ಭಾಲ್ಕಿ, ಔರಾದ್ ಎಲ್ಲವೂ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಾಲ. ಆಪರೇಷನ್ನಿಗೆ ಮೊದಲು ರೋಗಿಗೆ ಕ್ಲೋರೋಫಾರ್ಮ್ ಮೂಸಿಸಿ ಮಲಗಿಸುತ್ತಿದ್ದರು. ಕೆಲವರು ಮತ್ತೆ ಏಳುತ್ತಲೇ ಇರಲಿಲ್ಲ. ಮೊದಲು ನಿಲ್ಲುವುದು ಹೃದಯವೋ ಉಸಿರೋ? ಲಂಡನ್ನಿನಲ್ಲೂ ಈ ಜಗಳ ಮುಗಿದಿರಲಿಲ್ಲ. ಹೈದರಾಬಾದಿನಲ್ಲಿದ್ದ ಸರ್ಜನ್ ಎಡ್ವರ್ಡ್ ಲಾರಿ ಇದನ್ನು ಪ್ರಯೋಗ ಮಾಡಿಯೇ ತಿಳಿಯಬೇಕೆಂದು ಹೊರಟರು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಖರ್ಚು ಕೊಟ್ಟರು. 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು, ಹೀಗೆ ಎರಡು ಕ್ಲೋರೋಫಾರ್ಮ್ ಆಯೋಗಗಳು ಹೈದರಾಬಾದಿನಲ್ಲಿ ಕೂತವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ದೊಡ್ಡ ವೈದ್ಯರೇ ಹಡಗು ಹತ್ತಿ ಬಂದರು. ಆಯೋಗ ಹೇಳಿದ್ದು: ನಾಡಿ ಹಿಡಿದು ಕೂತಿರಬೇಡಿ, ಉಸಿರನ್ನು ನೋಡಿ. ಕ್ಲೋರೋಫಾರ್ಮ್ ಹೃದಯವನ್ನೂ ನೇರವಾಗಿ ನಿಲ್ಲಿಸಬಲ್ಲದು ಎಂದು ಮುಂದೆ ಬೇರೆಯವರು ತೋರಿಸಿದರು. ಆ ಮಟ್ಟಿಗೆ ಆಯೋಗ ತಪ್ಪಿತು. ಆದರೆ ಮಲಗಿದವರ ಉಸಿರಿನಿಂದ ಕಣ್ಣು ಕೀಳಬಾರದೆಂಬುದನ್ನು ಇಂದಿಗೂ ಪ್ರತಿಯೊಬ್ಬ ಅರಿವಳಿಕೆ ವೈದ್ಯರೂ ಪಾಲಿಸುತ್ತಾರೆ.

ಆ ಪ್ರಯೋಗಗಳಲ್ಲಿ ಒಬ್ಬ ತರುಣಿಯೂ ಇದ್ದರು, ರೂಪಾ ಬಾಯಿ ಫರ್ದೂನ್‌ಜಿ. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆಯಲ್ಲಿ ಓದಿದವರು. ಆಪರೇಷನ್ ಟೇಬಲಿನ ತಲೆಯ ಬಳಿ ನಿಂತು ರೋಗಿಯ ಉಸಿರು ಕಾಯುವುದನ್ನೇ ವೃತ್ತಿ ಮಾಡಿಕೊಂಡರು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರ ಹೆಸರು ಬರುತ್ತದೆ. ನಮ್ಮ ಪಠ್ಯಪುಸ್ತಕದಲ್ಲಿ ಅವರ ಬಗ್ಗೆ ಒಂದು ಪುಟವಾದರೂ ಇರಬೇಕೆಂದು ನನಗೆ ಮನಸಾರೆ ಅನಿಸುತ್ತದೆ.

ಗದ್ದ ಎತ್ತಿದ್ದು ಸಾಲದಿದ್ದರೆ ಗಾಳಿದಾರಿಯೊಳಗೇ ಒಂದು ಕೊಳವೆ ಇಡುತ್ತಾರೆ. "ಟ್ಯೂಬ್ ಹಾಕ್ಯಾರ" ಎಂದು ದವಾಖಾನೆಯ ಅಂಗಳದಲ್ಲಿ ಜನ ಮಾತಾಡುವುದನ್ನು ಕೇಳಿರುತ್ತೀರಿ. ಇದು ಹಳೆಯ ಯೋಚನೆ. ಬೀದರಿನ ಹಕೀಮರು ಇಂದಿಗೂ ಗೌರವದಿಂದ ನೆನೆಯುವ ಇಬ್ನ್ ಸೀನಾ ಸಾವಿರ ವರ್ಷದ ಹಿಂದೆಯೇ ಗಂಟಲಿಗೆ ಚಿನ್ನದ ಇಲ್ಲವೇ ಬೆಳ್ಳಿಯ ಕೊಳವೆ ಇಡಬಹುದೆಂದು ಬರೆದಿದ್ದರು. ಆದರೆ ಒಳಗಿನ ಬಾಗಿಲು ಹೇಗಿದೆಯೆಂದು ಜೀವಂತ ಮನುಷ್ಯನಲ್ಲಿ ನೋಡುವುದು ಹೇಗೆ? ದಾರಿ ತೋರಿಸಿದವರು ಒಬ್ಬ ಸಂಗೀತದ ಮೇಷ್ಟ್ರು. ಮ್ಯಾನುಯೆಲ್ ಗಾರ್ಸಿಯಾ ಅವರ ಹೆಸರು. 1854ರಲ್ಲಿ ಪ್ಯಾರಿಸಿನಲ್ಲಿ, ಹಲ್ಲಿನ ಡಾಕ್ಟರರ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ತಮ್ಮ ಗಂಟಲಿನ ಹಿಂಭಾಗಕ್ಕೆ ಇಟ್ಟು, ಇನ್ನೊಂದು ಕನ್ನಡಿಯಿಂದ ಅದರ ಮೇಲೆ ಬಿಸಿಲು ಹಾಯಿಸಿದರು. ತಮ್ಮದೇ ಧ್ವನಿತಂತುಗಳು ತೆರೆದು ಮುಚ್ಚುವುದನ್ನು ಕಂಡರು! ಸ್ವರ ಎಲ್ಲಿಂದ ಹುಟ್ಟುತ್ತದೆಂದು ತಿಳಿಯುವ ಹಂಬಲ ಅವರದು. ಅವರು ಕಂಡ ಆ ಬಾಗಿಲಿನೊಳಗೇ ಇಂದು ವೈದ್ಯರು ಕೊಳವೆ ತೂರಿಸುತ್ತಾರೆ. ಬೆಳಕು ಹೊತ್ತ ಬಾಗಿದ ಪಟ್ಟಿಯಿಂದ ನಾಲಗೆ ಎತ್ತಿ ನೋಡಿದರೆ ತಿರುವುಮುರುವಾದ 'ವಿ' ಅಕ್ಷರದ ಹಾಗೆ ಎರಡು ಬಿಳಿ ಪಟ್ಟಿಗಳು. ಅವುಗಳ ನಡುವಿನ ಕತ್ತಲೆಯೇ ಗುರಿ. 1878ರಲ್ಲಿ ಗ್ಲಾಸ್ಗೋದ ವಿಲಿಯಂ ಮ್ಯಾಕಿವನ್ ಆಪರೇಷನ್ನಿಗಾಗಿ ಬಾಯಿಯ ಮೂಲಕ ಕೊಳವೆ ಇಳಿಸಿದಾಗ ಅವರಿಗೆ ಇಂಥ ಬೆಳಕೇ ಇರಲಿಲ್ಲ. ಬೆರಳಿನಿಂದ ಮುಟ್ಟಿ ಮುಟ್ಟಿ ದಾರಿ ಹುಡುಕಿದ್ದರು.

ಎಷ್ಟು ದಪ್ಪದ ಕೊಳವೆ? ಇಲ್ಲಿ ನಿಮಗೊಂದು ಲೆಕ್ಕ. ನಿಮ್ಮ ವಯಸ್ಸನ್ನು 4ರಿಂದ ಭಾಗಿಸಿ, ಬಂದದ್ದಕ್ಕೆ 4 ಕೂಡಿಸಿ. ಎಂಟು ವರ್ಷದವರಿಗೆ 8 ಭಾಗಿಸು 4, ಅಂದರೆ 2. ಅದಕ್ಕೆ 4 ಕೂಡಿಸಿದರೆ 6. ಕೊಳವೆಯ ಒಳ ಅಗಲ 6 ಮಿಲಿಮೀಟರ್. ನಾಲ್ಕು ವರ್ಷದ ತಮ್ಮನಿಗೆ 5. ತುರ್ತು ವಿಭಾಗದಲ್ಲಿ ಅವಸರದ ನಡುವೆ ವೈದ್ಯರು ನಿಜವಾಗಿಯೂ ಬಾಯಲ್ಲೇ ಹಾಕುವ ಲೆಕ್ಕ ಇದು. ತುದಿಗೆ ಬಲೂನಿನ ಪಟ್ಟಿಯಿರುವ ಕೊಳವೆಯಾದರೆ ಅರ್ಧ ಮಿಲಿಮೀಟರ್ ಕಡಿಮೆ ತೆಗೆದುಕೊಳ್ಳುತ್ತಾರೆ. ಹೊರಗಿನ ದಪ್ಪ ಹೆಚ್ಚು ಕಡಿಮೆ ಮಗುವಿನ ಕಿರುಬೆರಳಿನಷ್ಟು. ನಿಮ್ಮ ಕಿರುಬೆರಳನ್ನೊಮ್ಮೆ ನೋಡಿಕೊಳ್ಳಿ, ನಿಮ್ಮ ಜೀವದ ದಾರಿ ಅಷ್ಟೇ ದಪ್ಪ. ಕೊಳವೆ ಇಳಿಸಿದ ಮೇಲೆ ಸ್ಟೆತಸ್ಕೋಪ್ ಇಟ್ಟು ಎಡ ಬಲ ಎರಡೂ ಎದೆ ಆಲಿಸುತ್ತಾರೆ, ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಾರೆ. ಬಲಕ್ಕೆ ಮಾತ್ರ ಸದ್ದು ಕೇಳಿ ಎಡ ಸುಮ್ಮನಿದ್ದರೆ ಕೊಳವೆ ಹೆಚ್ಚು ಒಳಗೆ ಹೋಗಿದೆ ಎಂದರ್ಥ. ಅದೂ ಶೇಂಗಾದ ಹಾಗೆ ಬಲಗಡೆಯ ನೆಟ್ಟನೆ ದಾರಿಯನ್ನೇ ಹಿಡಿಯುತ್ತದೆ.

ದಾರಿ ತೆರೆಯಿತು. ಉಸಿರಾಡುವ ಬಲವೇ ಇಲ್ಲದಿದ್ದರೆ? 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಬಂತು. ಉಸಿರಾಟದ ಸ್ನಾಯುಗಳೇ ಸೋತು ಮಕ್ಕಳು ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಆ ಆಗಸ್ಟಿನಲ್ಲಿ 12 ವರ್ಷದ ಒಬ್ಬ ಹುಡುಗಿಯ ಕುತ್ತಿಗೆಯಲ್ಲಿ ಕೊಳವೆ ಇಡಿಸಿ, ಅದಕ್ಕೆ ರಬ್ಬರ್ ಚೀಲ ಜೋಡಿಸಿ, ಕೈಯಿಂದ ಹಿಂಡಿ ಹಿಂಡಿ ಗಾಳಿ ಕೊಟ್ಟರು. ಹುಡುಗಿ ಉಳಿದಳು. ಆದರೆ ಅಷ್ಟೊಂದು ಮಕ್ಕಳಿಗೆ ಹಗಲು ರಾತ್ರಿ ಹಿಂಡುವವರು ಯಾರು? ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿ ಹಚ್ಚಿಕೊಂಡರು. ಹಾಸಿಗೆಯ ಪಕ್ಕ ಕೂತು, ಮಕ್ಕಳಿಗೆ ಕಥೆ ಹೇಳುತ್ತ, ಪುಸ್ತಕ ಓದುತ್ತ, ತಿಂಗಳುಗಟ್ಟಲೆ ಚೀಲ ಹಿಂಡಿದರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಬಿಗಿಯುತ್ತದೆ.

ಆ ಚೀಲಕ್ಕೆ ಸಿಲಿಂಡರಿನ ಗಾಳಿ ತುಂಬುತ್ತಲೇ ಇರಬೇಕಿತ್ತು. ಸಿಲಿಂಡರ್ ಇಲ್ಲದಿದ್ದರೂ ತಾನೇ ಉಬ್ಬಿಕೊಳ್ಳುವ ಚೀಲವನ್ನು ಅದೇ ನಗರದ ವೈದ್ಯ ಹೆನ್ನಿಂಗ್ ರೂಬೆನ್ ಮತ್ತು ಎಂಜಿನಿಯರ್ ಹೋಲ್ಗರ್ ಹೆಸ್ಸೆ 1956ರಲ್ಲಿ ತಂದರು. ಮೊದಲ ಮಾದರಿ ಮಾಡುವಾಗ ಚೀಲ ಹಿಂಡಿದ ಮೇಲೆ ಮತ್ತೆ ಉಬ್ಬಲೆಂದು ಒಳಗೆ ಸೈಕಲ್ ಚಕ್ರದ ಕಡ್ಡಿಗಳನ್ನು ಬಾಗಿಸಿ ಇಟ್ಟಿದ್ದರಂತೆ. ಆಂಬು ಚೀಲ ಎಂದು ಅದರ ಹೆಸರು. ಇಂದು ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ದವಾಖಾನೆಯಲ್ಲೂ ಅದು ಬೇಕು, ತಾಲ್ಲೂಕು ದವಾಖಾನೆಯಲ್ಲೂ ಬೇಕು, 108ರ ಗಾಡಿಯಲ್ಲೂ ಬೇಕು. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಕರ್ನಾಟಕದಲ್ಲಿ ಶುರುವಾದ ಆರೋಗ್ಯ ಕವಚದ ಗಾಡಿ ಅದು. ಸೈರನ್ ಕೇಳಿದಾಗ ನಾವೆಲ್ಲ ಚಾಲಕನ ವೇಗ ನೋಡುತ್ತೇವೆ. ಒಳಗೆ ಬೆಂಚಿನ ತುದಿಯಲ್ಲಿ ಕೂತವರ ಕೈಗಳು ಏನು ಮಾಡುತ್ತಿರುತ್ತವೆ ಎಂಬುದು ನಮಗೆ ಕಾಣುವುದಿಲ್ಲ.

ಮಳೆಗಾಲದ ಒಂದು ರಾತ್ರಿ ನೆನೆಸಿಕೊಳ್ಳಿ. ಔರಾದ್ ಕಡೆಯ ಹಳ್ಳಿಯೊಂದರಲ್ಲಿ ನೆಲದ ಮೇಲೆ ಮಲಗಿದ್ದವರಿಗೆ ಕಟ್ಟುಹಾವು ಕಚ್ಚುತ್ತದೆ. ಉರಿಯಿಲ್ಲ, ಬಾವಿಲ್ಲ, ಸೊಳ್ಳೆ ಕಚ್ಚಿದಷ್ಟೇ ಗುರುತು. ಅದಕ್ಕೇ ಮಂಚದ ಮೇಲೆ, ಸೊಳ್ಳೆಪರದೆ ಸಿಕ್ಕಿಸಿ ಮಲಗಿ ಎನ್ನುವುದು. ಕಟ್ಟುಹಾವಿನ, ನಾಗರಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲು ರೆಪ್ಪೆ ಜೋತುಬೀಳುತ್ತದೆ, ಎಷ್ಟು ಯತ್ನಿಸಿದರೂ ಕಣ್ಣು ಬಿಡಲಾಗದು. ಮಾತು ತೊದಲುತ್ತದೆ, ಉಗುಳು ನುಂಗಲಾಗದು. ಕೊನೆಗೆ ಎದೆಯ ಸ್ನಾಯು, ಎದೆ ಹೊಟ್ಟೆಯ ನಡುವಿನ ವಪೆ ಸೋಲುತ್ತವೆ. ಮನೆಯವರು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಮಂತ್ರಕ್ಕೆ ಕಾಯದೆ 108ಕ್ಕೆ ಹೇಳಿದ್ದಾರೆ. ತಾಲ್ಲೂಕು ದವಾಖಾನೆಯಲ್ಲಿ ವಿಷಕ್ಕೆ ಮದ್ದಿನ ಚುಚ್ಚುಮದ್ದು ಶುರುವಾಗಿದೆ. ಅದು ಹಿಡಿಯಲು ಸಮಯ ಬೇಕು. ಉಸಿರಿಗೆ ಅಷ್ಟು ಸಮಯವಿಲ್ಲ. ಬೀದರಿಗೆ ಒಯ್ಯಬೇಕು.

ಗಾಡಿ ಸಂತಪುರ ದಾಟುತ್ತದೆ. ಒಳಗಿರುವ ತಂತ್ರಜ್ಞರು ಮಲಗಿದವರ ತಲೆಯ ಹಿಂದೆ ಕೂತಿದ್ದಾರೆ. ಎಡಗೈಯ ಮೂರು ಬೆರಳು ದವಡೆಯ ಎಲುಬನ್ನು ಮೇಲಕ್ಕೆ ಎತ್ತಿ ಹಿಡಿದಿವೆ, ಹೆಬ್ಬೆರಳು ತೋರುಬೆರಳು ಮುಖವಾಡವನ್ನು ಮೂಗು ಬಾಯಿಗೆ ಒತ್ತಿವೆ. ಬಲಗೈ ಚೀಲ ಹಿಂಡುತ್ತದೆ. ಹಿಂಡು, ಎದೆ ಏರಿತೇ ನೋಡು, ಬಿಡು. ಆರು ಸೆಕೆಂಡಿಗೊಂದು, ನಿಮಿಷಕ್ಕೆ ಹತ್ತು. ಅವಸರ ಮಾಡಿ ಜೋರಾಗಿ ಹಿಂಡಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಗಂಟಲಲ್ಲಿ ಉಗುಳು ಗೊರಗುಟ್ಟಿದರೆ ಸಕ್ಷನ್ ನಳಿಯಿಂದ ಎಳೆದು ತೆಗೆದು ಮತ್ತೆ ಹಿಂಡಬೇಕು. ಕೌಠಾ ಬಂತು, ಮಾಂಜ್ರಾ ಸೇತುವೆ ಬಂತು. ಮುಂಗೈ ನೋಯತೊಡಗುತ್ತದೆ. ಕೈ ಬದಲಿಸುವಾಗಲೂ ದವಡೆ ಕೆಳಗೆ ಬೀಳಬಾರದು. ಔರಾದಿನಿಂದ ಬೀದರಿಗೆ ಹೆಚ್ಚು ಕಡಿಮೆ 40 ಕಿಲೋಮೀಟರ್. ಒಂದು ತಾಸು ಹಿಡಿದರೆ 600 ಸಲ.

ಕಣ್ಣು ಮುಚ್ಚಿ, ಬೆರಳೂ ಅಲುಗದೆ ಮಲಗಿದವರನ್ನು ನೋಡಿ ಜೊತೆಗೆ ಬಂದವರು ಅಳುತ್ತಾರೆ. ಆದರೆ ಈ ವಿಷ ಸ್ನಾಯುವನ್ನು ಹಿಡಿದಿದೆ, ಮಿದುಳನ್ನು ಹಿಡಿದಿಲ್ಲ. ಉಸಿರು ಸಿಗುತ್ತಿರುವಷ್ಟು ಹೊತ್ತು ಅವರಿಗೆ ಎಚ್ಚರವಿರುತ್ತದೆ, ಗಾಡಿಯ ಸದ್ದು, ಅಳು ಎಲ್ಲ ಕೇಳಿಸುತ್ತಿರಬಹುದು. ಅದನ್ನು ಬಲ್ಲ ತಂತ್ರಜ್ಞರು ಕೈ ನಿಲ್ಲಿಸದೆ ಅವರ ಕಿವಿಯ ಹತ್ತಿರ ಬಗ್ಗುತ್ತಾರೆ.

"ಅಂಜಬ್ಯಾಡ ಕಾಕಾ, ನಿನ್ನ ಉಸಿರು ನನ್ನ ಕೈಯಾಗದ. ಈಗ ಜನವಾಡ ದಾಟಲತ್ತೀವಿ."